ನಿಮ್ಮ ಸೈಕಲ್ ಸೀಟು ನಿಮ್ಮ ಕಾಲಿನ ಅಳತೆಗಿದೆಯಾ?

ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದ ಸಾಗರ ರಸ್ತೆಯಲ್ಲೋ ಸವಳಂಗ ರಸ್ತೆಯಲ್ಲೋ ಹತ್ತು ನಿಮಿಷ ನಿಂತು, ಸೈಕಲ್ ಹೊಡೆಯುವವರ ಮಂಡಿಯನ್ನೇ ನೋಡಿ. ಪೆಡಲ್ ಮೇಲೆ ಬಂದಾಗ ಮಂಡಿ ಹೊಟ್ಟೆಯ ಹತ್ತಿರ ಬರುತ್ತದೆ. ಕೆಳಗೆ ಹೋದಾಗಲೂ ಕಾಲು ಮಡಚಿಕೊಂಡೇ ಇರುತ್ತದೆ. ಸೀಟು ತೀರಾ ಕೆಳಗಿದೆ. ಹೊಸ ಗೇರ್ ಸೈಕಲ್ ತಂದು ಎರಡು ತಿಂಗಳು ಹೊಡೆದು, 'ಮಂಡಿ ನೋವು ಬಂತು, ನಮ್ಮ ವಯಸ್ಸಿಗೆ ಇದೆಲ್ಲ ಆಗಲ್ಲ' ಎಂದು ಜಗಲಿ ಮೂಲೆಗೆ ಒರಗಿಸಿದವರನ್ನು ನಾನು ತುಂಬ ಕಂಡಿದ್ದೇನೆ. ಸೀಟನ್ನು ಮೂರು ಬೆರಳು ಮೇಲೆತ್ತಿದ್ದರೆ ಅವುಗಳಲ್ಲಿ ಎಷ್ಟೋ ಸೈಕಲ್‌ಗಳು ಇವತ್ತೂ ರಸ್ತೆಯಲ್ಲಿರುತ್ತಿದ್ದವು.

ಬಯಲುಸೀಮೆಯಲ್ಲಾದರೆ ಈ ತಪ್ಪು ಹೇಗೋ ನಡೆದುಹೋಗುತ್ತದೆ. ನಮ್ಮಲ್ಲಿ ಊರು ದಾಟಿದರೆ ಏರು ಶುರು. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಎಲ್ಲಿಗೆ ಹೊರಟರೂ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಆಗ ಆ ಮೂರು ಬೆರಳಿನ ಲೆಕ್ಕವನ್ನು ಮಂಡಿಯೇ ತೀರಿಸಬೇಕಾಗುತ್ತದೆ.

ಮೊದಲು ಕಾಲನ್ನು ಅಳೆಯಿರಿ

ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಇನ್ನೊಬ್ಬರ ಕೈಲಿ ಟೇಪು ಹಿಡಿಸಿ ಅಳೆಸಿ. ಪ್ಯಾಂಟ್ ಹೊಲಿಯಲು ಟೈಲರ್ ಬರೆದುಕೊಂಡ ಒಳಕಾಲಿನ ಅಳತೆ ಇದಕ್ಕೆ ಬರುವುದಿಲ್ಲ. ಅದು ಪಾದದ ಗಂಟಿನ ಹತ್ತಿರವೇ ಮುಗಿಯುತ್ತದೆ. ಸೆಂಟಿಮೀಟರಿನಲ್ಲಿ ಬಂದ ಅಂಕಿಯನ್ನು ಫೋನಿನಲ್ಲಿ ಬರೆದಿಡಿ.

26 ಇಂಚು ಅಂದರೆ ಚಕ್ರದ ಅಳತೆ, ನಿಮ್ಮದಲ್ಲ

ಅಂಗಡಿಗೆ ಹೋಗಿ 'ದೊಡ್ಡವರಿಗೆ 26 ಇಂಚಿನದು ಕೊಡಿ' ಎನ್ನುತ್ತೇವೆ, ಅಲ್ವಾ? ಆ 26 ಚಕ್ರದ ಅಳತೆ. ನಿಮಗೆ ಹೊಂದಬೇಕಾದದ್ದು ಫ್ರೇಮ್. ಒಂದೇ 26 ಇಂಚಿನ ಚಕ್ರಕ್ಕೆ ಚಿಕ್ಕ ಫ್ರೇಮೂ ಇರುತ್ತದೆ, ದೊಡ್ಡದೂ ಇರುತ್ತದೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ನಡುಭಾಗದಿಂದ ಸೀಟ್ ಪೈಪ್ ಹೊರಗೆ ಬರುವ ಬಾಯಿಯವರೆಗಿನ ಉದ್ದವೇ ಸಾಮಾನ್ಯವಾಗಿ ಫ್ರೇಮಿನ ಅಳತೆ. ದಪ್ಪ ಟಯರಿನ ಗೇರ್ ಸೈಕಲ್‌ಗಳಲ್ಲಿ 5 ಅಡಿ 4 ಇಂಚಿನಿಂದ 5 ಅಡಿ 7 ಇಂಚಿನವರಿಗೆ ಸುಮಾರು 16–17 ಇಂಚಿನ ಫ್ರೇಮ್, 5 ಅಡಿ 10 ಇಂಚಿನವರೆಗೆ ಸುಮಾರು 18 ಇಂಚಿನದು ಹೊಂದುತ್ತದೆ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಅದಕ್ಕೇ ಒಂದು ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ನೀವು ಹೊಡೆಯುವಾಗ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು, ಫ್ರೇಮಿನ ಮೇಲಿನ ಅಡ್ಡ ಬಾರ್‌ನ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಲ್ಲಿ. ದೇಹಕ್ಕೂ ಬಾರ್‌ಗೂ ನಡುವೆ ಕನಿಷ್ಠ ಎರಡು ಬೆರಳು ಜಾಗ ಬೇಕು. ಕಾಡುರಸ್ತೆಯಲ್ಲಿ ಓಡಿಸುವವರಾದರೆ ನಾಲ್ಕು ಬೆರಳು.

'ಬೆಳೆಯೋ ಮಗು, ದೊಡ್ಡದೇ ಇರಲಿ' ಎಂದು ಮಕ್ಕಳಿಗೆ ದೊಡ್ಡ ಸೈಕಲ್ ಕೊಡಿಸಬೇಡಿ. ಹಿಂದೆ ಬಾಡಿಗೆ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತವರು ಈ ಮಾತಿಗೆ ಒಪ್ಪುವುದಿಲ್ಲ. ಆಗ ಬೇರೆ ದಾರಿ ಇರಲಿಲ್ಲ, ರಸ್ತೆಯಲ್ಲಿ ಇಷ್ಟು ಲಾರಿಗಳೂ ಇರಲಿಲ್ಲ. ಬ್ರೇಕ್ ಹಿಡಿದು ಕಾಲೂರಲು ಆಗದ ಸೈಕಲನ್ನು ಮಗುವಿಗೆ ಕೊಡಲೇಬಾರದು.

ಇನ್ನೊಂದು ಮಾತು. ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ ನೋಡಲು ಚೆನ್ನಾಗಿರುತ್ತದೆ. ಏರಿನಲ್ಲಿ ನಿಮ್ಮ ಬಲದಲ್ಲಿ ಒಂದಷ್ಟು ಆ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ, ಮೇಲಿಂದ ಭಾರ ಬೇರೆ. ಮಲೆನಾಡಿಗೆ ಅದು ಬೇಡ.

ಸೀಟಿನ ಎತ್ತರ: ಇಲ್ಲಿ ಅವಸರ ಮಾಡಬೇಡಿ

ಎಲ್ಲರೂ ಎಡವುವುದು ಇಲ್ಲೇ. ಸೀಟಿನ ಮೇಲೆ ಕೂತು ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದರೆ 'ಸರಿಯಾಯ್ತು' ಎನ್ನುತ್ತಾರೆ. ಅಂಗಡಿಯಲ್ಲೂ ಎಷ್ಟೋ ಸಲ ಹಾಗೇ ಹೊಂದಿಸಿ ಕಳಿಸುತ್ತಾರೆ. ಸೈಕಲ್ ಸಮತೋಲನ ಕಲಿಯುವ ಮಗುವಿಗೆ ಮಾತ್ರ ಆ ಎತ್ತರ ಸರಿ. ಹೊಡೆಯಲು ಬರುವವರಿಗೆ ಸರಿಯಲ್ಲ.

ಬರೆದಿಟ್ಟ ಕಾಲಿನ ಅಳತೆಯನ್ನು 0.88ರಿಂದ ಗುಣಿಸಿ. ಅಳತೆ 76 ಸೆಂ.ಮೀ. ಇದ್ದರೆ ಸುಮಾರು 67 ಸೆಂ.ಮೀ. ಬರುತ್ತದೆ. ಕ್ರ್ಯಾಂಕ್‌ನ ನಡುವಿನಿಂದ ಸೀಟ್ ಪೈಪ್ ಗುಂಟ ಟೇಪು ಹಿಡಿದು, ಸೀಟಿನ ಮೇಲ್ಭಾಗ ಅಷ್ಟಕ್ಕೆ ಬರುವಂತೆ ಏರಿಸಿ. ಇದು ಮೊದಲ ಅಂದಾಜು ಅಷ್ಟೇ.

ಈಗ ಗೋಡೆಯ ಪಕ್ಕ ಸೈಕಲ್ ನಿಲ್ಲಿಸಿ, ಒಂದು ಕೈ ಗೋಡೆಗೆ ಕೊಟ್ಟು ಸೀಟಿನ ಮೇಲೆ ಕೂರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ನಿಧಾನ ತಿರುಗಿಸಿ. ಪೆಡಲ್ ತೀರಾ ಕೆಳಗೆ ಹೋದಾಗ ಕಾಲು ಪೂರ್ತಿ ನೇರವಾಗಬೇಕು, ಹಿಮ್ಮಡಿ ಮಾತ್ರ ಪೆಡಲ್ ಬಿಡಬಾರದು. ಸೊಂಟ ಆ ಕಡೆ ಈ ಕಡೆ ವಾಲಿದರೆ ಸೀಟು ಜಾಸ್ತಿ ಎತ್ತರವಾಗಿದೆ, ಅರ್ಧ ಸೆಂ.ಮೀ. ಇಳಿಸಿ. ಕಾಲು ಇನ್ನೂ ಮಡಚಿದ್ದರೆ ಏರಿಸಿ. ಇದಾದ ಮೇಲೆ ಪಾದವನ್ನು ಹಿಂದೆ ಸರಿಸಿ, ಹೆಬ್ಬೆರಳಿನ ಬುಡ ಪೆಡಲ್ ಮೇಲೆ ಬರುವಂತೆ ಇಡಿ. ಈಗ ಮಂಡಿ ಸ್ವಲ್ಪವೇ ಬಾಗಿರುತ್ತದೆ, 25ರಿಂದ 35 ಡಿಗ್ರಿಯಷ್ಟು. ಹೊಡೆಯಬೇಕಾದದ್ದು ಹೀಗೆ. ಪಾದದ ನಡುಭಾಗದಿಂದ ತುಳಿಯುವ ಅಭ್ಯಾಸ ಇದ್ದರೆ ಬಿಡಿ.

ಸೀಟ್ ಪೈಪ್ ಮೇಲೆ ಒಂದು ಅಡ್ಡಗೆರೆ ಕೆತ್ತಿರುತ್ತಾರೆ. ಅದು ಹೊರಗೆ ಕಾಣುವಷ್ಟು ಪೈಪ್ ಎಳೆಯಬಾರದು. ಎಳೆದರೆ ಪೈಪ್ ಬಾಗಬಹುದು, ಫ್ರೇಮ್ ಸೀಳಬಹುದು. ಗೆರೆ ದಾಟದೆ ನಿಮ್ಮ ಎತ್ತರ ಬರದಿದ್ದರೆ ಆ ಫ್ರೇಮೇ ನಿಮಗೆ ಚಿಕ್ಕದು.

ಸೀಟ್ ಪೈಪ್ ಬಿಗಿಯಲು ಪಾನಾ ಬೇಡದ ಲಿವರ್ ಇದ್ದರೆ ಅದನ್ನು ಮುಚ್ಚುವಾಗ ಅಂಗೈ ಮೇಲೆ ಅಚ್ಚು ಮೂಡುವಷ್ಟು ಬಿಗಿ ಇರಬೇಕು. ಸಲೀಸಾಗಿ ಮುಚ್ಚಿಕೊಂಡರೆ ದಾರಿಯಲ್ಲಿ ಸೀಟು ಇಳಿಯುತ್ತದೆ.

ಇಷ್ಟು ಹೇಳಿದ ಮೇಲೂ ಜನ ಕೇಳುವುದು ಒಂದೇ ಪ್ರಶ್ನೆ. ತೀರ್ಥಹಳ್ಳಿ ಹತ್ತಿರ ಇರುವ ಅಕ್ಕನ ಮಗನಿಗೆ ಸೀಟು ಏರಿಸಿ ಕೊಟ್ಟಾಗ ಅವನೂ ಅದನ್ನೇ ಕೇಳಿದ. 'ಮಾವ, ಕಾಲೇ ಎಟುಕಲ್ಲ. ನಿಲ್ಲಿಸೋದು ಹೇಗೆ?' ಭಯ ನಿಜವಾದದ್ದೇ. ಅದಕ್ಕೆ ಪರಿಹಾರ ನಿಲ್ಲಿಸುವ ಕ್ರಮದಲ್ಲಿದೆ. ಬ್ರೇಕ್ ಹಿಡಿಯುತ್ತ ಬಂದು, ಕೆಳಗಿರುವ ಪೆಡಲ್ ಮೇಲೆ ಭಾರ ಹಾಕಿ ಸೀಟಿನಿಂದ ಏಳಬೇಕು. ದೇಹ ಸೀಟಿನ ಮುಂದೆ ಬರಬೇಕು. ಸೈಕಲ್ ನಿಲ್ಲುವ ಹೊತ್ತಿಗೆ ಇನ್ನೊಂದು ಕಾಲನ್ನು ನೆಲಕ್ಕೆ ಊರಬೇಕು. ಹೊರಡುವಾಗಲೂ ಹಾಗೇ. ಬಾರಿನ ಎರಡೂ ಕಡೆ ಕಾಲಿಟ್ಟು ನಿಂತುಕೊಂಡು ಒಂದು ಪೆಡಲನ್ನು ಮುಂದೆ ಮೇಲಕ್ಕೆ ತಂದುಕೊಳ್ಳಿ. ಅದನ್ನು ಒತ್ತುತ್ತಲೇ ಏಳಿ, ಸೈಕಲ್ ಮುಂದೆ ಹೋಗುತ್ತದೆ, ಆಮೇಲೆ ಕೂರಿ. ಕೂತು ಹೊರಡುವುದೂ ಇಲ್ಲ, ಕೂತು ನಿಲ್ಲಿಸುವುದೂ ಇಲ್ಲ. ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿದರೆ ಕಾಲಿಗೆ ತಾನೇ ಗೊತ್ತಾಗುತ್ತದೆ. ವರ್ಷಗಟ್ಟಲೆ ತಗ್ಗಿನ ಸೀಟಿನಲ್ಲಿ ಹೊಡೆದವರು ಒಂದೇ ದಿನ ಪೂರ್ತಿ ಏರಿಸಬೇಡಿ. ಮೂರು ದಿನಕ್ಕೆ ಒಂದು ಬೆರಳಗಲ ಏರಿಸುತ್ತ ಹೋಗಿ.

ನೋವು ಎಲ್ಲಿ ಬರುತ್ತದೆ ಎನ್ನುವುದೂ ದಾರಿ ತೋರಿಸುತ್ತದೆ. ಮಂಡಿಯ ಮುಂದೆ ನೋವಾದರೆ ಸಾಮಾನ್ಯವಾಗಿ ಸೀಟು ತಗ್ಗು ಅಥವಾ ತೀರಾ ಮುಂದೆ. ಮಂಡಿಯ ಹಿಂದೆ ನೋವಾದರೆ ಎತ್ತರ ಜಾಸ್ತಿ. ಎಲ್ಲ ಹೊಂದಿಸಿದ ಮೇಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಸೀಟು ಮುಂದೆ ಹಿಂದೆ, ಮತ್ತು ಹ್ಯಾಂಡಲ್

ಪೆಡಲ್‌ಗಳು ನೆಲಕ್ಕೆ ಸಮನಾಗಿ ಮುಂದೊಂದು ಹಿಂದೊಂದು ಇರುವಂತೆ ಕೂರಿ. ದಾರಕ್ಕೆ ಒಂದು ನಟ್ಟು ಕಟ್ಟಿ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಡಿ. ಅದು ಪೆಡಲ್ ನಡುವಿನ ಅಚ್ಚಿನ ಆಸುಪಾಸು ಬಂದರೆ ಸಾಕು. ಸೀಟು ಮಟ್ಟವಾಗಿರಲಿ.

ಕೂತಾಗ ಮರಗಟ್ಟುತ್ತದೆ ಎಂದು ಜನ ಮೆತ್ತನೆಯ ಜೆಲ್ ಕವರ್ ತರುತ್ತಾರೆ. ಸುಮ್ನೆ ದುಡ್ಡು ದಂಡ. ಅದು ಅತ್ತಿತ್ತ ಜಾರುತ್ತದೆ, ಒಳಗಿನ ಸ್ಪಂಜು ನಮ್ಮ ಮಳೆಯಲ್ಲಿ ನೀರು ಕುಡಿದರೆ ಎರಡು ದಿನ ಒಣಗುವುದಿಲ್ಲ. ಸೀಟಿನ ಮೂತಿ ಮೇಲೆದ್ದಿದೆಯಾ ಎಂದು ಮೊದಲು ನೋಡಿ, ಎಷ್ಟೋ ಸಲ ಕಾರಣ ಅದೇ.

ಹ್ಯಾಂಡಲ್ ಸೀಟಿನಷ್ಟೇ ಎತ್ತರ ಅಥವಾ ತುಸು ಮೇಲೆ ಇರಲಿ, ಮೊಣಕೈ ಸ್ವಲ್ಪ ಬಾಗಿರಲಿ.

ಬ್ರೇಕ್ ಲಿವರನ್ನು ಮರೆಯಬೇಡಿ. ಹೆಂಗಸರಿಗೂ ಮಕ್ಕಳಿಗೂ ಎಷ್ಟೋ ಸೈಕಲ್‌ಗಳಲ್ಲಿ ಅದು ಬೆರಳಿಗೆ ದೂರ. ಸಾಮಾನ್ಯವಾಗಿ ಲಿವರ್ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಲಿವರ್ ಹತ್ತಿರ ಬರುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಂಥ ಇಳಿಜಾರಿನಲ್ಲಿ ಎಟುಕದ ಲಿವರ್ ಇದ್ದೂ ಇಲ್ಲದಂತೆ. ಸ್ಟೀಲ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಘಾಟಿ ಇಳಿಯುವವರು ಅಲ್ಯೂಮಿನಿಯಂ ರಿಮ್ ಅಥವಾ ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಿ.

ಪೆಟ್ಟಿಗೆಯಲ್ಲಿ ಬಂದ ಸೈಕಲ್

ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಮನೆಯಲ್ಲೇ ಜೋಡಿಸುವವರಿಗೆ ಎರಡು ಎಚ್ಚರಿಕೆ. ಮುಂದಿನ ಫೋರ್ಕ್ ಹಿಂದುಮುಂದಾಗಿ ಇರಬಹುದು. ಅದರ ಬಾಗು ಮುಂದಕ್ಕೇ ಇರಬೇಕು. ಬಾಗು ಇಲ್ಲದ ಸ್ಪ್ರಿಂಗ್ ಫೋರ್ಕ್ ಆದರೆ ಡಿಸ್ಕ್ ಬ್ರೇಕ್ ಎಡಗಡೆ ಬರಬೇಕು. ಎಡ ಪೆಡಲ್‌ನ ಮರೆ (ತಿರುಪಿನ ಸುತ್ತುಗೆರೆ) ಉಲ್ಟಾ, ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮೊದಲು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಗ್ಗದ್ದನ್ನು ಪಾನಾ ಹಾಕಿ ಬಲವಂತ ಮಾಡಿದರೆ ಕ್ರ್ಯಾಂಕ್‌ನ ಮರೆ ಹೋಗುತ್ತದೆ, ಆಮೇಲೆ ಕ್ರ್ಯಾಂಕನ್ನೇ ಬದಲಿಸಬೇಕಾಗಬಹುದು.

ಒಂದು ತಿಂಗಳು ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಕ್ರ್ಯಾಂಕ್‌ನ ಅಡಿಭಾಗದಲ್ಲಿರುತ್ತದೆ. ಅದರ ಫೋಟೋ ತೆಗೆದು ಬಿಲ್ ಜೊತೆ ಇಡಿ. ಕಳುವಾದರೆ ನಿಮ್ಮದೇ ಎಂದು ತೋರಿಸಲು ಅದು ಬೇಕು.

ಮಳೆಗಾಲಕ್ಕೆ ಮೊದಲು

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಅದೇ ಮೊದಲ ಸ್ವಂತ ಸೈಕಲ್. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಮಕ್ಕಳು ಉದ್ದ ಬೆಳೆದರೂ ಸೀಟು ಮಾತ್ರ ಮೊದಲ ದಿನದ ಎತ್ತರದಲ್ಲೇ ಇದ್ದದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ. ಏರಿಸೋಣ ಎಂದರೆ ಪೈಪ್ ತುಕ್ಕು ಹಿಡಿದು ಫ್ರೇಮಿಗೆ ಕಚ್ಚಿಕೊಂಡಿರುತ್ತಿತ್ತು. ಮಲೆನಾಡಿನ ಒಂದು ಮಳೆಗಾಲ ಅದಕ್ಕೆ ಸಾಕು.

ಮೇ ಕೊನೆಯಲ್ಲಿ ಒಮ್ಮೆ, ದಸರಾ ಹೊತ್ತಿಗೆ ಒಮ್ಮೆ ಸೀಟ್ ಪೈಪನ್ನು ಪೂರ್ತಿ ಹೊರಗೆ ತೆಗೆದು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಚೈನಿಗೂ ಅದನ್ನು ಹಾಕಬೇಡಿ, ಕೆಮ್ಮಣ್ಣು ಹಿಡಿದು ಗಟ್ಟಿಯಾಗುತ್ತದೆ. ಈಗಾಗಲೇ ಕಚ್ಚಿಕೊಂಡ ಪೈಪ್ ಆದರೆ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಸೀಟು ಹಿಡಿದು ಎಡಬಲ ತಿರುಚಿ. ಸುತ್ತಿಗೆಯಿಂದ ಹೊಡೆಯಬೇಡಿ.

ಪೈಪ್ ತೆಗೆಯುವ ಮೊದಲು ನಿಮ್ಮ ಎತ್ತರ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. ಅಕ್ಕನ ಮನೆಯಲ್ಲಿ ಒಂದೇ ಸೈಕಲನ್ನು ಇಬ್ಬರು ಹೊಡೆಯುತ್ತಾರೆ. ಪೈಪ್ ಮೇಲೆ ಉಗುರುಬಣ್ಣದಲ್ಲಿ ಎರಡು ಗೆರೆ ಎಳೆದಿದ್ದಾರೆ. ಕೆಂಪು ಅಕ್ಕನದು, ಗುಲಾಬಿ ಮಗನದು. ಮೊನ್ನೆ ಹೋದಾಗ ನೋಡಿದೆ. ಹಳೆಯ ಗುಲಾಬಿ ಗೆರೆಗಿಂತ ಎರಡು ಬೆರಳು ಕೆಳಗೆ ಹೊಸದೊಂದು ಗೆರೆ ಬಿದ್ದಿತ್ತು. ಸೀಟು ಅಷ್ಟು ಮೇಲೆ ಬಂದಿದೆ.