ಓವರ್‌ಕ್ಲಾಕಿಂಗ್: ವೇಗಕ್ಕಿಂತ ವೋಲ್ಟೇಜ್ ಮೇಲೆ ಕಣ್ಣಿಡಬೇಕಾದ ಕೆಲಸ

ಓವರ್‌ಕ್ಲಾಕ್ ಮಾಡಿದರೆ, ಅಂದರೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿದರೆ, ಪ್ರೊಸೆಸರ್ ಸುಟ್ಟುಹೋಗುವುದಿಲ್ಲವೇ ಎಂಬುದು ಹೊಸಬರ ಮೊದಲ ಪ್ರಶ್ನೆ. ನನ್ನದೂ ಅದೇ ಆಗಿತ್ತು. ವೇಗವನ್ನಷ್ಟೇ ಅತಿಯಾಗಿ ಏರಿಸಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ ಅಥವಾ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ. ಚಿಪ್‌ನ ಆಯಸ್ಸನ್ನು ಕುಗ್ಗಿಸುವುದು ಹೆಚ್ಚಿನ ವೋಲ್ಟೇಜ್ ಮತ್ತು ಅದರ ಜೊತೆಗೇ ಏರುವ ಶಾಖ.

ನನ್ನಲ್ಲಿದ್ದದ್ದು ಹೆಸರಿನ ಕೊನೆಯಲ್ಲಿ 'ಕೆ' ಅಕ್ಷರವಿರುವ, ಅಂದರೆ ಮಲ್ಟಿಪ್ಲೈಯರ್ (ಬೇಸ್ ಕ್ಲಾಕ್ ಎಂಬ ಮೂಲ ವೇಗವನ್ನು ಎಷ್ಟರಿಂದ ಗುಣಿಸಬೇಕೆಂಬ ಅಂಕ) ಬದಲಾಯಿಸಲು ಅವಕಾಶವಿರುವ ಇಂಟೆಲ್ ಪ್ರೊಸೆಸರ್ ಮತ್ತು ಅದಕ್ಕೊಪ್ಪುವ 'ಝಡ್' ಸರಣಿಯ ಮದರ್‌ಬೋರ್ಡ್. ವಾರಂಟಿಯ ಷರತ್ತುಗಳನ್ನು ಓದಿಕೊಂಡ ಮೇಲೆ, ಏನನ್ನೂ ಬದಲಾಯಿಸದೆ ಪ್ರೊಸೆಸರ್‌ನ ಸಾಮರ್ಥ್ಯ ಅಳೆಯುವ ಸಿನೆಬೆಂಚ್ ತಂತ್ರಾಂಶ ಓಡಿಸಿ, ಪೂರ್ಣ ಹೊರೆಯಲ್ಲಿ ತಾಪಮಾನ, ವೋಲ್ಟೇಜ್ ಮತ್ತು ವೇಗ ಎಷ್ಟಿರುತ್ತವೆ ಎಂದು ಬರೆದಿಟ್ಟುಕೊಂಡೆ. ರ‍್ಯಾಮ್‌ನ ಎಕ್ಸ್‌ಎಂಪಿಯನ್ನು (ಅದನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟಿಂಗ್) ಆಫ್ ಮಾಡಿದ್ದೆ; ಇಲ್ಲವಾದರೆ ದೋಷ ಪ್ರೊಸೆಸರ್‌ನದೋ ರ‍್ಯಾಮ್‌ನದೋ ತಿಳಿಯುವುದಿಲ್ಲ.

ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 45, ಆದ್ದರಿಂದ ಎಲ್ಲ ಕೋರ್‌ಗಳೂ 4.5 ಗಿಗಾಹರ್ಟ್ಸ್‌ನಲ್ಲಿ, 1.20 ವೋಲ್ಟ್‌ನಲ್ಲಿ ಓಡುತ್ತಿದ್ದವು. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟಿಂಗ್‌ಗಳಿರುವ ತಂತ್ರಾಂಶ) ವೋಲ್ಟೇಜನ್ನು 'ಆಟೋ'ಗೆ ಬಿಟ್ಟರೆ ಬೋರ್ಡ್ ಎಷ್ಟೋ ಸಲ ಅಗತ್ಯಕ್ಕಿಂತ ಧಾರಾಳವಾಗಿ ಕೊಡುತ್ತದೆ. ಹಾಗಾಗಿ ಅದನ್ನು ನಾನೇ ನಿಗದಿಪಡಿಸಿ, ಮಲ್ಟಿಪ್ಲೈಯರನ್ನು ಒಂದೊಂದೇ ಅಂಕ ಏರಿಸುತ್ತಾ ಪ್ರತಿ ಸಲವೂ ಪರೀಕ್ಷಿಸಿದೆ.

46 ಸಲೀಸಾಗಿ ನಿಂತಿತು. 47ರಲ್ಲಿ ಪ್ರೊಸೆಸರ್ ಮೇಲೆ ಪೂರ್ಣ ಹೊರೆ ಹಾಕಿ ಪರೀಕ್ಷಿಸುವ ಪ್ರೈಮ್95 ನಿಲ್ಲದೆ ಓಡಿದರೂ, ತಾಪಮಾನ, ವೋಲ್ಟೇಜ್‌ಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್‌ಫೋ ತಂತ್ರಾಂಶದ ಪಟ್ಟಿಯ ತಳದಲ್ಲಿ ಡಬ್ಲ್ಯುಎಚ್‌ಇಎ ದೋಷಗಳ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷಗಳು) ಸಂಖ್ಯೆ ಸೊನ್ನೆಯಿಂದ ಮೇಲೇರಿತ್ತು. ಕ್ರ್ಯಾಶ್ ಆಗಲಿಲ್ಲ ಎಂದ ಮಾತ್ರಕ್ಕೆ ವ್ಯವಸ್ಥೆ ಸ್ಥಿರವಾಗಿದೆ ಎನ್ನಲಾಗದು. ಪ್ರೊಸೆಸರ್ ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತಾ ಓಡುತ್ತಿತ್ತು, ಅಷ್ಟೇ. ವೋಲ್ಟೇಜನ್ನು ಸಣ್ಣ ಹೆಜ್ಜೆಗಳಲ್ಲಿ 1.25ಕ್ಕೆ ತಂದಾಗ ಆ ಅಂಕಣ ಸೊನ್ನೆಯಲ್ಲೇ ಉಳಿಯಿತು, ತಾಪಮಾನವೂ 85 ಡಿಗ್ರಿ ಸೆಲ್ಸಿಯಸ್ ದಾಟಲಿಲ್ಲ.

48ಕ್ಕೆ 1.30 ವೋಲ್ಟ್ ಬೇಕಾಯಿತು. ವಿದ್ಯುತ್ ಬಳಕೆ ವೇಗಕ್ಕೂ ವೋಲ್ಟೇಜ್‌ನ ವರ್ಗಕ್ಕೂ ಅನುಗುಣವಾಗಿ ಏರುವುದರಿಂದ, ಮೂಲ ಸ್ಥಿತಿಗೆ ಹೋಲಿಸಿದರೆ ಶೇ 7ಕ್ಕಿಂತ ಕಡಿಮೆ ವೇಗದ ಲಾಭಕ್ಕೆ ಸುಮಾರು ಶೇ 25ರಷ್ಟು ಹೆಚ್ಚು ವಿದ್ಯುತ್ ವ್ಯಯವಾಗುವ ಲೆಕ್ಕ. ಈ ವ್ಯಾಪಾರ ನನಗೆ ಗಿಟ್ಟದೆಂದು ತೋರಿ 47ಕ್ಕೇ ಮರಳಿದೆ.

ಬೂಟ್ ಆಗದೇ ಹೋದರೆ ಏನು ಗತಿ ಎಂದು ಕೇಳುವವರೂ ಇದ್ದಾರೆ. ವಿದ್ಯುತ್ ಸಂಪರ್ಕ ತೆಗೆದು, ಬೋರ್ಡ್‌ನ ಕೈಪಿಡಿಯಲ್ಲಿ ಹೇಳಿದಂತೆ ಸಿಮಾಸ್ (ಬಯಾಸ್ ಸೆಟಿಂಗ್‌ಗಳನ್ನು ಉಳಿಸಿಡುವ ಮೆಮೊರಿ) ಕ್ಲಿಯರ್ ಮಾಡಿದರೆ ಮೂಲ ಸೆಟಿಂಗ್‌ಗಳು ಮರಳುತ್ತವೆ. ಬಯಾಸ್ ಅಪ್‌ಡೇಟ್ ಮಾಡಿದಾಗಲೂ ನಮ್ಮ ಸೆಟಿಂಗ್‌ಗಳು ಅಳಿಸಿಹೋಗಬಹುದಾದ್ದರಿಂದ, ಆ ಪುಟಗಳ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.