ಊರಿನ ರೇಷನ್ ಕಾರ್ಡು, ಮುಂಬೈನ ಒಲೆ

ನಾನು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತೇನೆ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಹೋಟೆಲಿನವನಿಗೆ ಊಟದ ಚಿಂತೆ ಏನಪ್ಪಾ ಅಂತ ಜನ ನಗುತ್ತಾರೆ. ನಿಜ, ನನ್ನ ಎರಡು ಹೊತ್ತು ಅಲ್ಲೇ ಆಗುತ್ತದೆ. ಆದರೆ ಹೆಂಡತಿ, ಮಕ್ಕಳು ಇರುವುದು ಧಾರಾವಿಯ ಖೋಲಿಯಲ್ಲಿ. ಹೆಂಡತಿಗೆ ಟಿಬಿ ಅಂತ ಗೊತ್ತಾದ ಮೇಲೆ ನಾನು ಎರಡು ಪಾಳಿ ಬಿಟ್ಟು ಒಂದೇ ಪಾಳಿಗೆ ಇಳಿದೆ. ಸಂಬಳ ಅರ್ಧವಾಯಿತು. ಬಾಡಿಗೆ ಕೊಟ್ಟ ಮೇಲೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುವುದೇ ಆಯಿತು.

ಆಗ ಒಂದೊಂದೇ ಬಾಗಿಲು ಹುಡುಕಿದೆ. ನನ್ನಂಥ ಗಂಡಸರು ಇಲ್ಲಿ ಬಹಳ ಮಂದಿ ಇದ್ದಾರೆ. ಕೇಳಲು ನಾಚುತ್ತಾರೆ, ಎಲ್ಲಿ ಕೇಳಬೇಕು ಅನ್ನುವುದೂ ಗೊತ್ತಿರುವುದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರಿನ ಕಾರ್ಡು. ಮುಂಬೈಗೆ ಬಂದವರು ಅದನ್ನು ಅವ್ವನ ಟ್ರಂಕಿನಲ್ಲಿ ಬಿಟ್ಟು ಮರೆತುಬಿಡುತ್ತಾರೆ. ‘ಒಂದು ದೇಶ ಒಂದು ರೇಷನ್ ಕಾರ್ಡು’ ಬಂದ ಮೇಲೆ ಕರ್ನಾಟಕದ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡು ಇಲ್ಲಿಯೂ ನಡೆಯುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಿಂದಲೇ ಇದರಲ್ಲಿ ಇವೆ. ಕಾರ್ಡು ಕೈಯಲ್ಲಿ ಇರಲೇಬೇಕು ಅಂತ ಇಲ್ಲ. ಕಾರ್ಡಿನ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಮಷೀನಿಗೆ ಬೆರಳು ಕೊಟ್ಟರೆ ಸಾಕು. ‘ಅಧಿಕೃತ ಶಿಧಾವಾಟಪ ದುಕಾನ್’ ಅಂತ ಮರಾಠಿಯಲ್ಲಿ ಬೋರ್ಡು ಇರುವ ಯಾವ ಅಂಗಡಿಗೆ ಬೇಕಾದರೂ ಹೋಗಬಹುದು.

ಕಾನೂನಿನಲ್ಲಿ ಹಾಗೆ ಇದೆ. ಅಂಗಡಿಯವನ ಬಾಯಲ್ಲಿ ಬೇರೆ ಬರುತ್ತದೆ. ನಾನು ಹೋದ ಮೊದಲ ಅಂಗಡಿಯಲ್ಲಿ "ಬಾಹೇರ್ಚಾ ಕಾರ್ಡ್ ನಾಹೀ ಚಾಲತ್" ಅಂದರು. ಹೊರಗಿನ ಕಾರ್ಡು ನಡೆಯುವುದಿಲ್ಲವಂತೆ. ಜಗಳ ಮಾಡಲಿಲ್ಲ. ಅಲ್ಲೇ ನಿಂತು 14445ಕ್ಕೆ ಫೋನ್ ಹಚ್ಚಿದೆ. ಅದು ಈ ಯೋಜನೆಯ ಸಹಾಯವಾಣಿ. 1967 ರೇಷನ್ ದೂರಿನ ನಂಬರ್. ಫೋನ್ ಹಚ್ಚಿದ್ದು ಕಂಡ ಮೇಲೆ ಅವರ ದನಿ ಸ್ವಲ್ಪ ಮೆತ್ತಗಾಯಿತು. ಆದರೂ ನಾನು ಈಗ ಪಕ್ಕದ ಗಲ್ಲಿಯ ಇನ್ನೊಂದು ಅಂಗಡಿಗೆ ಹೋಗುತ್ತೇನೆ. ಅಲ್ಲಿ ಮಾತಿಲ್ಲದೆ ಕೊಡುತ್ತಾರೆ. ತಿಂಗಳ ಕೊನೆಗೆ ಹೋದರೆ ಮಾಲು ಖಾಲಿ ಅನ್ನುತ್ತಾರೆ. ಹಾಗಾಗಿ ಮಾಲು ಬಂದ ದಿನವೇ ಹೋಗುವುದು ಒಳ್ಳೆಯದು.

ಬೆರಳಿನದು ದೊಡ್ಡ ತಾಪತ್ರಯ. ಪಾತ್ರೆ ತೊಳೆಯುವವರು, ಸಿಮೆಂಟ್ ಕಲಸುವವರು, ತವಾ ಮುಂದೆ ನಿಲ್ಲುವವರು, ನಮ್ಮೆಲ್ಲರ ಬೆರಳು ಸವೆದಿರುತ್ತದೆ. ಮಷೀನು ಒಪ್ಪುವುದಿಲ್ಲ. ಕೈ ತೊಳೆದು ಒರೆಸಿ ಬೇರೆ ಬೆರಳು ಇಟ್ಟು ನೋಡಬೇಕು. ಕಾರ್ಡಿನಲ್ಲಿ ಹೆಸರಿರುವ ಯಾರಾದರೂ ಒಬ್ಬರು ಬೆರಳು ಕೊಟ್ಟರೆ ಆಯಿತು. ನಮ್ಮಲ್ಲಿ ಹೆಂಡತಿಯ ಬೆರಳು ಸಲೀಸಾಗಿ ಬರುತ್ತದೆ. ಅವಳಿಗೆ ಮೈಯಲ್ಲಿ ಶಕ್ತಿ ಇದ್ದ ದಿನ ಇಬ್ಬರೂ ಹೋಗುತ್ತೇವೆ.

ಎಷ್ಟು ಸಿಗುತ್ತದೆ? ಬಿಪಿಎಲ್ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯಕ್ಕೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದು ಪುಕ್ಕಟೆ. ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ, ಸುಮ್ಮನಾಗುತ್ತಾರೆ. ನಮ್ಮ ಊರಿನ ಅನ್ನಭಾಗ್ಯದ ಹೆಚ್ಚುವರಿ ಪಾಲು ಮಾತ್ರ ಇಲ್ಲಿ ಬರುವುದಿಲ್ಲ. ಅದು ಕರ್ನಾಟಕ ಸರ್ಕಾರದ್ದು, ಗಡಿ ದಾಟುವುದಿಲ್ಲ. ಜೋಳದ ಆಸೆಯನ್ನೂ ಬಿಡಬೇಕು. ಇಲ್ಲಿ ಸಾಮಾನ್ಯವಾಗಿ ಅಕ್ಕಿ, ಗೋಧಿ. ರೊಟ್ಟಿ ತಿನ್ನುವ ಬಾಯಿಗೆ ಚಪಾತಿ ರೂಢಿಯಾಗಲು ಹೊತ್ತು ಹಿಡಿಯಿತು, ಇರಲಿ.

ಒಂದು ತೊಡಕು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಕಾರ್ಡಿನಲ್ಲಿ ನಾಲ್ಕು ಹೆಸರು: ಅವ್ವ, ನಾನು, ಹೆಂಡತಿ, ಮಗ. ಅವ್ವ ಊರಲ್ಲಿದ್ದಾಳೆ. ಊರಿನ ಅಂಗಡಿಯವನು ವಾಡಿಕೆಯಂತೆ ನಾಲ್ಕೂ ಜನರ ಪಾಲು ಅವಳ ಚೀಲಕ್ಕೆ ಸುರಿದುಬಿಟ್ಟರೆ ಇಲ್ಲಿ ಮಷೀನು ‘ಶೂನ್ಯ’ ತೋರಿಸುತ್ತದೆ. ಅದಕ್ಕೇ ತಿಂಗಳ ಶುರುವಿನಲ್ಲೇ ಫೋನ್ ಮಾಡಿ ಹೇಳುತ್ತೇನೆ, "ಅವ್ವಾ, ನಿನ್ನ 5 ಕೆಜಿ ಅಷ್ಟೇ ತಗೋ. ಉಳಿದದ್ದು ಇಲ್ಲಿ ತಗೋತೀವಿ." ಹೀಗೆ ಒಂದೇ ಕಾರ್ಡಿನ ಪಾಲನ್ನು ಎರಡು ಊರಲ್ಲಿ ಹಂಚಿಕೊಂಡು ತೆಗೆದುಕೊಳ್ಳಬಹುದು. ಚಿಕ್ಕ ಮಗಳ ಹೆಸರು ಕಾರ್ಡಿನಲ್ಲಿ ಇನ್ನೂ ಸೇರಿಲ್ಲ. ಅದನ್ನು ಮುಂಬೈನಲ್ಲಿ ಸೇರಿಸಲು ಬರುವುದಿಲ್ಲ. ಕರ್ನಾಟಕದಲ್ಲೇ, ಆಹಾರ ಇಲಾಖೆ ಅವಕಾಶ ಕೊಟ್ಟಾಗ ಮಾಡಿಸಬೇಕು. ಊರಿಗೆ ಹೋದಾಗ ಗ್ರಾಮ ಒನ್‌ನಲ್ಲಿ ವಿಚಾರಿಸಿ. ಹಾಗೆಯೇ ಮನೆಮಂದಿಯ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತ ಮಾಡುವುದು, ಆಗಿದೆಯಾ ನೋಡಿಕೊಳ್ಳಿ.

ಇಲ್ಲಿಯದೇ ಕಾರ್ಡು ಮಾಡಿಸು ಅಂತ ಸಲಹೆ ಕೊಡುವವರು ಬಹಳ. ಎರಡು ರಾಜ್ಯದಲ್ಲಿ ಕಾರ್ಡು ಇಡುವಂತಿಲ್ಲ. ಮೇಲಾಗಿ ಮಹಾರಾಷ್ಟ್ರದ ಪಟ್ಟಣಗಳಲ್ಲಿ ಈ ಧಾನ್ಯಕ್ಕೆ ವರ್ಷದ ಆದಾಯದ ಮಿತಿ 59,000 ರೂಪಾಯಿ. ಅಷ್ಟರಲ್ಲಿ ಮುಂಬೈನಲ್ಲಿ ಯಾರು ಬದುಕುತ್ತಾರೋ ಗೊತ್ತಿಲ್ಲ. ಇಲ್ಲಿಯ ಕೇಸರಿ ಬಣ್ಣದ ರೇಷನ್ ಕಾರ್ಡು ಸಿಕ್ಕಿತು ಅಂದ ಮಾತ್ರಕ್ಕೆ ಧಾನ್ಯ ಬರುತ್ತದೆ ಅಂತಲೂ ಇಲ್ಲ. ಊರಿನ ಕಾರ್ಡು ನಡೆಯುತ್ತಿದ್ದರೆ ಅದನ್ನೇ ಹಿಡಿದುಕೊಳ್ಳಿ ಅಂತ ನನ್ನ ಅಭಿಪ್ರಾಯ.

ಎರಡನೆಯದು ಅಂಗನವಾಡಿ. 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ. 3ರಿಂದ 6 ವರ್ಷದವರಿಗೆ ಅಲ್ಲೇ ಬಿಸಿ ಊಟ. ಮಗಳಿಗೆ ಎರಡೂವರೆ ವರ್ಷ. ನಾನು ಅವಳನ್ನು ಎತ್ತಿಕೊಂಡು ಹೋದೆ. ಬಾಗಿಲಲ್ಲಿ ಎಲ್ಲ ಹೆಂಗಸರು. ಅಂಗನವಾಡಿ ಬಾಯಿ, ಅಂದರೆ ಅಲ್ಲಿಯ ಕಾರ್ಯಕರ್ತೆ, ನನ್ನ ಹಿಂದೆ ಇಣುಕಿ ನೋಡಿದರು. "ಆಯೀ ಕುಠೇ ಆಹೇ?" ತಾಯಿ ಎಲ್ಲಿ ಅಂತ. ಕಾಯಿಲೆ ಅಂದೆ. ಮುಂದಿನ ವಾರ ತಾಯಿಯನ್ನೇ ಕಳಿಸಿ ಅಂದರು. ಇಲ್ಲಿ ನಾನು ಜರುಗಲಿಲ್ಲ. "ಬಾಯಿ, ಆಹಾರ ಮಗುವಿನ ಹೆಸರಿಗೆ ಅಲ್ವಾ? ಮಗು ಇಲ್ಲೇ ಇದೆ, ತೂಕ ನೋಡಿ" ಅಂದೆ. ಅವರು ನಕ್ಕು ತಕ್ಕಡಿಗೆ ಹಾಕಿದರು. ತೋಳಿಗೆ ಬಣ್ಣದ ಪಟ್ಟಿಯನ್ನೂ ಸುತ್ತಿದರು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ನಮ್ಮದು ಹಳದಿಯಲ್ಲಿ ನಿಂತಿತು. ಮಗುವಿನ ಲಸಿಕೆಯ ಕಾರ್ಡು ಊರಿನದು, ಕನ್ನಡದಲ್ಲಿತ್ತು. ಅದನ್ನೂ ಒಪ್ಪಿಕೊಂಡರು. ಈಗ ನನ್ನನ್ನು ಕಂಡರೆ ಹೆಸರು ಹಿಡಿದು ಕರೆದು ಪ್ಯಾಕೆಟ್ ಕೊಡುತ್ತಾರೆ. ಅಂಗನವಾಡಿ, ರೇಷನ್, ಎಲ್ಲ ಕಡೆ ಮೊದಲು ಕೇಳುವುದು ಮನೆಯ ಹೆಂಗಸನ್ನು. ರೇಷನ್ ಕಾರ್ಡಿನ ಯಜಮಾನಿ 18 ದಾಟಿದ ಹಿರಿಯ ಹೆಂಗಸೇ ಇರಬೇಕು ಅಂತ 2013ರ ಆಹಾರ ಕಾಯ್ದೆಯಲ್ಲೇ ಇದೆ. ಒಳ್ಳೆಯ ನಿಯಮ, ಗಂಡಸರ ಕೈಗೆ ಕೊಟ್ಟರೆ ಎಲ್ಲಿ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಂತ ಅಪ್ಪ ಹೋಗಿ ತರಬಾರದು ಅಂತ ಎಲ್ಲಿಯೂ ಬರೆದಿಲ್ಲ.

ಮಗ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ. ಅಲ್ಲಿ ಮಧ್ಯಾಹ್ನದ ಊಟ ಆಗುತ್ತದೆ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಎಂಟನೆಯವರೆಗೂ ಇದೆ. ಇಂಗ್ಲಿಷ್ ಮೀಡಿಯಂ ಅಂತ ಸಾಲ ಮಾಡಿ ಖಾಸಗಿ ಶಾಲೆಗೆ ಹಾಕಿದರೆ ಫೀಸೂ ಹೋಗುತ್ತದೆ, ಊಟವೂ ಹೋಗುತ್ತದೆ. ಕಷ್ಟ ಮೇ ತಿಂಗಳದ್ದು. ಶಾಲೆ ಮುಚ್ಚಿರುತ್ತದೆ. ಆಗ ಮಗನನ್ನು ಅಜ್ಜಿಯ ಹತ್ತಿರ ಇಂಡಿಗೆ ಕಳಿಸುತ್ತೇನೆ. ಆ ತಿಂಗಳು ಅವನ ಪಾಲಿನ ಧಾನ್ಯವನ್ನೂ ಅವ್ವನೇ ಅಲ್ಲಿ ತೆಗೆದುಕೊಳ್ಳುತ್ತಾಳೆ.

ಟಿಬಿಯ ದುಡ್ಡಿನ ಮಾತು ಬಿಡುವಂತಿಲ್ಲ. ನಿಕ್ಷಯ್ ಪೋಷಣ ಯೋಜನೆಯಲ್ಲಿ ರೋಗಿಗೆ ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1,000 ಆಗಿದೆ. ತಿಂಗಳು ತಿಂಗಳು ಬರುವುದಿಲ್ಲ. 6 ತಿಂಗಳ ಔಷಧಿಗೆ ಶುರುವಿನಲ್ಲಿ 3,000, 84 ದಿನ ಮುಗಿದ ಮೇಲೆ 3,000. ಹೆಂಡತಿಯ ಖಾತೆ ಊರಿನ ಬ್ಯಾಂಕಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಬಿದ್ದಿತ್ತು, ದುಡ್ಡು ಅದಕ್ಕೆ ಬೀಳಲಿಲ್ಲ. ಇಲ್ಲೇ ಅಂಚೆ ಕಚೇರಿಯಲ್ಲಿ ಆಧಾರ್ ಜೋಡಿಸಿ ಹೊಸ ಖಾತೆ ತೆರೆದೆವು. ಆಮೇಲೆ ಬಂತು. ಔಷಧಿ ಶುರುವಾದ ದಿನವೇ ಖಾತೆ ಸರಿ ಇದೆಯಾ ನೋಡಿ.

ಆಸ್ಪತ್ರೆಯ ಹೆಲ್ತ್ ವಿಸಿಟರ್ ಇನ್ನೊಂದು ಕೇಳಿದರು: ನಿಕ್ಷಯ್ ಮಿತ್ರರಿಂದ ಆಹಾರದ ಕಿಟ್ ಬೇಕಾ? 2022ರಲ್ಲಿ ಶುರುವಾದ ಯೋಜನೆ, ದಾನಿಗಳು ಧಾನ್ಯ, ಬೇಳೆ, ಎಣ್ಣೆ, ಶೇಂಗಾ ಕೊಡುತ್ತಾರೆ. ರೋಗಿ ಒಪ್ಪಿಗೆ ಕೊಟ್ಟರೆ ಮಾತ್ರ. ಹೆಂಡತಿ ಬೇಡ ಅಂದಳು, ನಾಲ್ಕು ಜನರಿಗೆ ಗೊತ್ತಾಗುತ್ತದೆ ಅಂತ. ಆಗ ಅವರು ಜಾರ್ಖಂಡಿನ ಒಂದು ಅಧ್ಯಯನದ ಕಥೆ ಹೇಳಿದರು. ರೋಗಿಯ ಜೊತೆ ಮನೆಯವರಿಗೂ ಪೌಷ್ಟಿಕ ರೇಷನ್ ಕೊಟ್ಟ ಮನೆಗಳಲ್ಲಿ ಉಳಿದವರಿಗೆ ಟಿಬಿ ಬರುವುದು ಶೇ. 39ರಿಂದ 48ರಷ್ಟು ಕಡಿಮೆಯಾಯಿತಂತೆ, 2023ರಲ್ಲಿ ಪ್ರಕಟವಾಗಿದೆ. ಮಕ್ಕಳ ಮಾತು ಬಂದ ಕೂಡಲೇ ಅವಳು ಹ್ಞೂಂ ಅಂದಳು.

ಇಷ್ಟಾದರೂ ಕೆಲವು ದಿನ ಕೊರತೆ ಬೀಳುತ್ತದೆ. ದಾದರಿನ ಗುರುದ್ವಾರದ ಲಂಗರಿನಲ್ಲಿ, ಅಂದರೆ ಪುಕ್ಕಟೆ ಊಟದ ಪಂಕ್ತಿಯಲ್ಲಿ, ಯಾರೂ ಏನೂ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಮಕ್ಕಳ ಜೊತೆ ಪಂಕ್ತಿಯಲ್ಲಿ ಕುಳಿತರೆ ಆಯಿತು. ಮಹಾರಾಷ್ಟ್ರ ಸರ್ಕಾರದ 10 ರೂಪಾಯಿಯ ಶಿವಭೋಜನ ಥಾಳಿ ಒಂಟಿ ಗಂಡಸಿಗೆ ಸರಿ. ಎರಡು ಚಪಾತಿ, ಪಲ್ಯ, ವರಣ (ಬೇಳೆ), ಅನ್ನ, ಅದೂ ಮಧ್ಯಾಹ್ನ ಮಾತ್ರ. ಎಲ್ಲ ಕೇಂದ್ರಗಳೂ ಎಲ್ಲ ಕಾಲಕ್ಕೂ ನಡೆಯುವುದಿಲ್ಲ, ಕೇಳಿಕೊಂಡು ಹೋಗಿ.

ಈಗ ನನ್ನ ರಜೆಯ ದಿನ ಹೋಟೆಲಿನ ಹುಡುಗರು, ಗಾರೆ ಕೆಲಸದ ನಮ್ಮ ಕಡೆಯವರು ಬರುತ್ತಾರೆ. ನಾನು ಮೊದಲು ಅವರಿಂದ ಊರಿಗೆ ಒಂದು ಫೋನ್ ಮಾಡಿಸುತ್ತೇನೆ. ಕಾರ್ಡಿನ ನಂಬರ್ ಏನು, ಯಾರ ಯಾರ ಹೆಸರಿದೆ, ಈ ತಿಂಗಳದ್ದು ತೆಗೆದಾಗಿದೆಯಾ ಕೇಳು ಅನ್ನುತ್ತೇನೆ. ತೆಗೆದಿಲ್ಲ ಅಂದರೆ ಆಧಾರ್ ಮತ್ತು ಎರಡು ಚೀಲ ಹಿಡಿದುಕೊಂಡು ಬಾ ಅನ್ನುತ್ತೇನೆ. ಅಂಗಡಿಯವರು ಚೀಲ ಕೊಡುವುದಿಲ್ಲ.