ಮಳೆಗಾಲಕ್ಕೊಂದು ಉಲ್ಲನ್ ಕೂಟ: ಶುರು ಮಾಡುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಸಂಜೆ ವಾಕಿಂಗ್ ಇಲ್ಲ, ಬಟ್ಟೆ ಒಣಗುವುದಿಲ್ಲ, ಕರೆಂಟು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಂಥ ಹೊತ್ತಲ್ಲಿ ನಾಲ್ಕು ಜನ ಒಂದು ಕಡೆ ಕೂತು ಉಲ್ಲನ್ ಹೆಣೆಯುವುದಕ್ಕಿಂತ ಒಳ್ಳೆಯ ಹವ್ಯಾಸ ನನಗಂತೂ ಗೊತ್ತಿಲ್ಲ. ಕಾಲದ ಲೆಕ್ಕವೂ ಸರಿಹೋಗುತ್ತದೆ. ಆಷಾಢದಲ್ಲಿ ಶುರು ಮಾಡಿದ ಸ್ವೆಟರ್ ಧನುರ್ಮಾಸದ ಚಳಿಗೆ ಮೈಮೇಲೆ ಇರುತ್ತದೆ. ಚಳಿ ಬಂದಮೇಲೆ ಶುರು ಮಾಡೋಣ ಅಂದುಕೊಂಡಿರೋ, ಆ ಕೆಲಸ ಆಗುವುದಿಲ್ಲ ಬಿಡಿ. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದು ಮುಗಿಯಿತು ಅನ್ನುವಾಗ ರೋಬಸ್ಟಾ. ತೋಟ ಇರುವವರು ಯಾರೂ ಕೈಗೆ ಸಿಗುವುದಿಲ್ಲ.

ನಮ್ಮ ಬೀದಿಯಲ್ಲಿ ನಾವು ಆರು ಜನ ಮೂರು ಮಳೆಗಾಲದಿಂದ ಹೀಗೆ ಕೂರುತ್ತಿದ್ದೇವೆ. ಮೊದಲ ದಿನ ನಾನು ತಂದಿದ್ದು ಎಲೆ ಡಿಸೈನಿನ ಶಾಲು. ಸಾಲು ಸಾಲಿಗೂ ಲೆಕ್ಕ. "ಹದಿನಾರು, ಹದಿನೇಳು" ಅನ್ನುವಷ್ಟರಲ್ಲಿ ಪಕ್ಕದವರು "ಮಗಳಿಗೆ ಎಲ್ಲಿ ಸೀಟು ಸಿಕ್ತು ಅಕ್ಕ?" ಅಂದರು. ಉತ್ತರ ಕೊಟ್ಟೆ, ಲೆಕ್ಕ ಹೋಯಿತು. ಆ ಸಂಜೆ ಎರಡು ಗಂಟೆಯಲ್ಲಿ ನಾನು ಹೆಣೆದದ್ದು ನಾಲ್ಕು ಸಾಲು, ಬಿಚ್ಚಿದ್ದು ಆರು.

ಜೊತೆಯಲ್ಲಿ ಕೂತು ಮಾಡುವ ಕೆಲಸ ಬೇರೆ, ಒಬ್ಬರೇ ಮಾಡುವ ಕೆಲಸ ಬೇರೆ. ಇದು ಗೊತ್ತಿಲ್ಲದೆ ಶುರುವಾದ ಕೂಟ ಎರಡನೇ ವಾರಕ್ಕೇ ನಿಲ್ಲುತ್ತದೆ. ಮಾತಾಡಲು ಬಾಯಿಗೆ ಬಿಡುವು ಕೊಡುವ ಕೆಲಸವನ್ನೇ ಆರಿಸಿಕೊಳ್ಳಿ.

ಜನ, ಜಾಗ, ದಿನ

ನಾಲ್ಕರಿಂದ ಎಂಟು ಜನ ಸಾಕು. ಅದರಲ್ಲಿ ಇಬ್ಬರಿಗಾದರೂ ಹೆಣೆಯಲು ಬರಬೇಕು, ಉಳಿದವರು ಕಲಿಯುತ್ತಾರೆ. ದಿನ ಒಂದೇ ಇರಲಿ. "ಎಲ್ಲರಿಗೂ ಅನುಕೂಲ ನೋಡಿಕೊಂಡು" ಅಂದರೆ ಆ ದಿನ ಬರುವುದೇ ಇಲ್ಲ. ನಮ್ಮದು ಗುರುವಾರ ಮೂರೂವರೆಗೆ. ಜಗಲಿಯಲ್ಲಿ ಬೆಳಕು ಚೆನ್ನಾಗಿರುತ್ತದೆ, ಐದೂವರೆಯ ಮೇಲೆ ಕಣ್ಣಿಗೆ ಕಷ್ಟ. ಮಳೆ ಕಳೆದಮೇಲೆ ರತ್ನಗಿರಿ ಬೋರೆಯ ಪಾರ್ಕಿನಲ್ಲೂ ಎರಡು ಸಲ ಕೂತಿದ್ದೇವೆ. ಎಡಗೈಯವರು ಇದ್ದರೆ ಸಾಲಿನ ತುದಿಯಲ್ಲಿ ಕೂರಿಸಿ. ಉದ್ದ ಕಡ್ಡಿ ಪಕ್ಕದವರ ಮೊಣಕೈಗೆ ತಾಗುತ್ತಲೇ ಇದ್ದರೆ ಸ್ನೇಹ ಜಾಸ್ತಿ ದಿನ ಉಳಿಯುವುದಿಲ್ಲ.

ಗಂಡಸರು ಬರಬಹುದಾ ಅಂತ ಕೇಳುವವರಿದ್ದಾರೆ. ಯಾಕೆ ಬರಬಾರದು? ಕಂಬಳಿ ಮಗ್ಗದ ಮುಂದೆ ಕೂರುವವರು ಹೆಚ್ಚಾಗಿ ಗಂಡಸರೇ ಅಲ್ವಾ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಹೆಂಡತಿಯನ್ನು ಬಿಡಲು ಬಂದವರು, ಈಗ ತಮ್ಮ ಮೂರನೇ ಮಫ್ಲರ್‌ನಲ್ಲಿದ್ದಾರೆ.

ಏನು ಕೊಳ್ಳಬೇಕು

ಫ್ಯಾನ್ಸಿ ಸ್ಟೋರಿನಲ್ಲಿ, ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ 'ಉಲ್ಲನ್' ಅಂತ ಸಿಗುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಅದಕ್ಕೆ ಮೂಗು ಮುರಿಯಬೇಡಿ. ಅಗ್ಗ, ಚುಚ್ಚುವುದಿಲ್ಲ, ಬೇಗ ಒಣಗುತ್ತದೆ. ಕಲಿಯಲು ಅದೇ ಸರಿ. ಕಪ್ಪು, ಕಡು ನೀಲಿ ಬೇಡ. ಮೋಡದ ಬೆಳಕಲ್ಲಿ ಕುಣಿಕೆಗಳು ಕಾಣುವುದೇ ಇಲ್ಲ.

ಕಡ್ಡಿ ಕೊಳ್ಳುವಾಗ ನಂಬರ್ ನೋಡಿ. ನಮ್ಮ ಅಂಗಡಿಗಳಲ್ಲಿ ಹಳೇ ಬ್ರಿಟಿಷ್ ನಂಬರ್ ಇನ್ನೂ ನಡೆಯುತ್ತದೆ. ಅದರಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಹೊಸಬರಿಗೆ 8 ಸಾಕು. ಕ್ರೋಶಾ ಕಡ್ಡಿಯೂ (ತುದಿಯಲ್ಲಿ ಕೊಕ್ಕೆ ಇರುವ ಒಂಟಿ ಕಡ್ಡಿ) 4 ಮಿ.ಮೀ. ಇರಲಿ. ಕಡ್ಡಿಯ ತುದಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡಿ. ಕಾಫಿ ಲೋಟ ಹಿಡಿಯಲು ಕೆಳಗಿಟ್ಟಾಗ ಕುಣಿಕೆಗಳು ಜಾರುವುದಿಲ್ಲ.

ಮೊದಲ ಸಂಜೆ: ಲಡಿಯಿಂದ ಉಂಡೆ

ಹೊಸಬರು ಬಂದ ಕೂಡಲೇ ಕೈಗೆ ಕಡ್ಡಿ ಕೊಡಬೇಡಿ. ಲಡಿ ಕೊಡಿ, ಅಂದರೆ ಉದ್ದಕ್ಕೆ ಸುತ್ತಿಟ್ಟ ಉಲ್ಲನ್ ದಾರದ ಕಟ್ಟು. ಎರಡೂ ಕೈ ಮುಂದೆ ಚಾಚಿ, ಲಡಿಯನ್ನು ಹಾಕಿಕೊಂಡು ಒಬ್ಬರು ಕೂರಲಿ, ಎದುರಿಗೆ ಕೂತವರು ಉಂಡೆ ಸುತ್ತಲಿ. ಹತ್ತು ನಿಮಿಷ ಇಬ್ಬರೂ ಎದ್ದು ಹೋಗುವ ಹಾಗಿಲ್ಲ, ಮುಖ ನೋಡಿಕೊಂಡೇ ಇರಬೇಕು. ಮಾತು ತಾನಾಗಿ ಬರುತ್ತದೆ. ನಮ್ಮ ಮನೆಗೆ ಬಾಡಿಗೆಗೆ ಬಂದಿದ್ದ ಹುಡುಗಿ ಎರಡು ತಿಂಗಳು "ನಮಸ್ತೆ ಆಂಟಿ" ಬಿಟ್ಟು ಬೇರೆ ಮಾತಾಡಿರಲಿಲ್ಲ. ಒಂದು ಲಡಿ ಮುಗಿಯುವಷ್ಟರಲ್ಲಿ ಅವಳ ಅತ್ತೆಯ ಕಥೆ ಪೂರ್ತಿ ಗೊತ್ತಾಯಿತು.

ಉಂಡೆಯನ್ನು ಬಿಗಿಯಾಗಿ ಸುತ್ತಬಾರದು. ಮೂರು ಬೆರಳಿನ ಮೇಲೆ ಸುತ್ತುತ್ತಾ ಹೋಗಿ, ಆಗಾಗ ಬೆರಳು ಎಳೆದುಕೊಂಡು ದಿಕ್ಕು ಬದಲಿಸಿ. ಬಿಗಿಯಾಗಿ ಎಳೆದ ದಾರ ಹಿಗ್ಗಿರುತ್ತದೆ. ಹೆಣೆದು ಒಗೆದಮೇಲೆ ಅದು ಮತ್ತೆ ಕುಗ್ಗುತ್ತದೆ, ಸ್ವೆಟರ್ ಚಿಕ್ಕದಾಗುತ್ತದೆ.

ಮಾತಾಡುತ್ತಾ ಮಾಡುವ ಕೆಲಸ

ಎರಡು ಕಡ್ಡಿಯವರಿಗೆ: 40 ಕುಣಿಕೆ ಹಾಕಿಕೊಂಡು, ಪ್ರತಿ ಸಾಲೂ ಸೀದಾ (ನಿಟ್) ಹೆಣೆಯಿರಿ. ಉಲ್ಟಾ (ಪರ್ಲ್) ಬೇಡವೇ ಬೇಡ. ಒಂದು ಗೇಣಿಗೆ ಸ್ವಲ್ಪ ಕಮ್ಮಿ ಅಗಲದ ಮಫ್ಲರ್ ಬರುತ್ತದೆ. ಲೆಕ್ಕ ಇಲ್ಲ. ಸಾಲಿನ ಕೊನೆಯಲ್ಲಿ ಮಾತ್ರ 40 ಇದೆಯಾ ಅಂತ ಆಗಾಗ ನೋಡಿಕೊಳ್ಳಿ.

ಆದರೆ ಕೂಟಕ್ಕೆ ನನ್ನ ಓಟು ಕ್ರೋಶಾಗೇ. ಅದರಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಬಾಗಿಲು ಬೆಲ್ ಆಯಿತು, ಹಾಲು ಉಕ್ಕಿತು, ಎದ್ದು ಹೋಗಿ. ಆ ಒಂದು ಕುಣಿಕೆಯನ್ನು ಸ್ವಲ್ಪ ದೊಡ್ಡದಾಗಿ ಎಳೆದಿಟ್ಟರೆ ಮುಗಿಯಿತು.

ಒಂದೇ ಸ್ವೆಟರನ್ನು ಇಬ್ಬರು ಹಂಚಿಕೊಂಡು ಹೆಣೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ನಾನೂ ನನ್ನ ತಂಗಿಯೂ ಅಪ್ಪನ ಸ್ವೆಟರಿಗೆ ಒಂದೊಂದು ತೋಳು ಹೆಣೆದಿದ್ದೆವು. ಅದೇ ಉಲ್ಲನ್, ಅದೇ ನಂಬರ್ ಕಡ್ಡಿ, ಕುಣಿಕೆಯೂ ಸಾಲೂ ಒಂದೇ ಲೆಕ್ಕ. ಎಡತೋಳು ಮಣಿಕಟ್ಟಿಗೆ ನಿಂತಿತು, ಬಲತೋಳು ಬೆರಳು ಮುಚ್ಚಿತು. ನನ್ನ ಕೈ ಬಿಗಿ, ಅವಳದು ಸಡಿಲ. ಅಪ್ಪ ಆ ಬಲತೋಳನ್ನು ಮಡಚಿಕೊಂಡೇ ಆ ಚಳಿಗಾಲ ಕಳೆದರು, ಒಂದು ಮಾತೂ ಆಡಲಿಲ್ಲ.

ಎಲ್ಲರೂ ಸೇರಿ ಒಂದು ಹೊದಿಕೆ

ಸೇರಿ ಮಾಡಲೇಬೇಕು ಅಂದರೆ ಚೌಕಗಳ ಹೊದಿಕೆ ಮಾಡಿ. 15 ಸೆಂ.ಮೀ. ಅಳತೆಯ 48 ಕ್ರೋಶಾ ಚೌಕ. ಅಡ್ಡಕ್ಕೆ 6, ಉದ್ದಕ್ಕೆ 8 ಜೋಡಿಸಿದರೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ. ಆರು ಜನಕ್ಕೆ ತಲಾ ಎಂಟು ಚೌಕ. ವಾರಕ್ಕೆ ಒಂದು ಮಾಡಿದರೂ ಎರಡು ತಿಂಗಳಲ್ಲಿ ಮುಗಿಯುತ್ತದೆ.

ಉಲ್ಲನ್ ಪೂರ್ತಿ ಒಂದೇ ಸಲ ಕೊಂಡುಬಿಡಿ. ಲೇಬಲ್ ಮೇಲೆ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಉಲ್ಲನ್‌ನ ಗುರುತು) ಇರುತ್ತದೆ, ಅದೂ ಒಂದೇ ಇರಬೇಕು. ಬೇರೆ ಲಾಟಿನ ಕೆಂಪು ಟ್ಯೂಬ್‌ಲೈಟ್ ಕೆಳಗೆ ಅದೇ ಕೆಂಪಾಗಿ ಕಾಣುತ್ತದೆ, ಬಿಸಿಲಿಗೆ ತಂದಾಗ ಬಣ್ಣ ಹೊರಬೀಳುತ್ತದೆ. ಹೊದಿಕೆ ಕೊನೆಗೆ ಯಾರ ಮನೆಗೆ ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ನಾವು ಚೀಟಿ ಎತ್ತಿದೆವು.

ಈಗ ನಮ್ಮನ್ನು ಒಂದು ತಿಂಗಳು ಕಾಡಿದ ವಿಷಯ. ಮೊದಲ ವಾರ ಚೌಕಗಳನ್ನು ಒಂದರ ಮೇಲೊಂದು ಇಟ್ಟರೆ ಒಬ್ಬರದು ಚಪಾತಿ, ಇನ್ನೊಬ್ಬರದು ಪೂರಿ. ಕೈ ಬಿಗಿಯಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. "ನೀವು ಏನು ಹಾಕಿದ್ರಿ?" "ಡಬಲ್ ಕ್ರೋಶಾ." "ನಾನೂ ಅದೇ ಹಾಕಿದ್ದು ಕಣ್ರೀ!" ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರು ಹಿಂದೆ ಕಾನ್ವೆಂಟಿನಲ್ಲಿ ಕಲಿತವರು, ಅವರದು ಬ್ರಿಟಿಷ್ ಹೆಸರು. ಇನ್ನೊಬ್ಬರು ಯೂಟ್ಯೂಬ್ ನೋಡಿ ಕಲಿತವರು, ಅವರದು ಅಮೆರಿಕದ ಹೆಸರು. ಬ್ರಿಟಿಷರ ಡಬಲ್ ಕ್ರೋಶಾ ಅಂದರೆ ಅಮೆರಿಕದವರಿಗೆ ಸಿಂಗಲ್. ಅಮೆರಿಕದ ಡಬಲ್ ಅಂದರೆ ಬ್ರಿಟಿಷರಿಗೆ ಟ್ರೆಬಲ್. ಹೆಸರು ಒಂದೇ, ಎತ್ತರ ಸುಮಾರು ಎರಡರಷ್ಟು.

ಅದಕ್ಕೇ ಹೆಸರು ಕೇಳುವುದನ್ನೇ ಬಿಟ್ಟೆವು. ಈಗ ಕೇಳುವುದು ಇಷ್ಟೇ: ಚುಚ್ಚುವ ಮೊದಲು ಕಡ್ಡಿಗೆ ದಾರ ಎಷ್ಟು ಸುತ್ತು? ಸುತ್ತದೆ ಚುಚ್ಚಿದರೆ ಗಿಡ್ಡದು. ಒಂದು ಸುತ್ತು ಸುತ್ತಿ ಚುಚ್ಚಿ, ದಾರ ಎಳೆದುಕೊಂಡು, ಎರಡೆರಡು ಕುಣಿಕೆಯಂತೆ ಎರಡು ಸಲ ಬಿಡಿಸಿದರೆ ಉದ್ದದ್ದು. ಈ ಚೌಕಕ್ಕೆ ಬೇಕಾದದ್ದು ಉದ್ದದ್ದು.

ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ 15 ಸೆಂ.ಮೀ. ಚೌಕ ಕತ್ತರಿಸಿ ಒಬ್ಬೊಬ್ಬರಿಗೆ ಒಂದು ಕೊಡಿ. ಚೌಕ ರಟ್ಟಿಗಿಂತ ದೊಡ್ಡದಾದರೆ 3.5 ಮಿ.ಮೀ. ಕಡ್ಡಿಗೆ ಇಳಿಯಿರಿ, ಚಿಕ್ಕದಾದರೆ 4.5ಕ್ಕೆ ಏರಿ. ಕೈ ಬದಲಿಸಿಕೊಳ್ಳಲು ಹೋಗಬೇಡಿ, ಅದು ಯಾರಿಗೂ ಆಗುವುದಿಲ್ಲ. ಕೊನೆಗೆ ಮೊಂಡು ತುದಿಯ ದಪ್ಪ ಸೂಜಿಯಲ್ಲಿ ಚೌಕಗಳನ್ನು ಹೊಲಿದು, ಸುತ್ತ ಒಂದು ಅಂಚು ಹಾಕಿದರೆ ಆಯಿತು.

ತಿಂಡಿ

ಕೊನೆಗೆ. ಕೋಡುಬಳೆ ತಿಂದ ಕೈ ಬಿಳಿ ಉಲ್ಲನ್ ಮುಟ್ಟಬಾರದು. ಕಾಫಿ ಮಾತ್ರ ಮಧ್ಯೆ ಬರಬಹುದು, ಅದೂ ಕೆಳಗೆ ಇಟ್ಟುಕೊಂಡು.

ಒಗೆಯುವುದು, ಒಣಗಿಸುವುದು

ಕುರಿ ಉಣ್ಣೆಯದಾದರೆ ತಣ್ಣೀರು, ಹೆಚ್ಚೆಂದರೆ ಉಗುರುಬೆಚ್ಚಗಿನ ನೀರು. ಬಿಸಿನೀರಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಅಕ್ರಿಲಿಕ್‌ಗೆ ಆ ಭಯ ಇಲ್ಲ, ಅದರ ಶತ್ರು ಒಣ ಬಿಸಿ. ಮಲೆನಾಡಲ್ಲಿ ಮಳೆಗಾಲದ ಬಟ್ಟೆಯೆಲ್ಲ ಬಚ್ಚಲ ಒಲೆಯ ಮೇಲೆ ಒಣಗುವುದು ರೂಢಿ. ಅಕ್ರಿಲಿಕ್ಕನ್ನು ಅಲ್ಲಿ ಹಾಕಬೇಡಿ, ಇಸ್ತ್ರಿಪೆಟ್ಟಿಗೆಯನ್ನೂ ತಾಗಿಸಬೇಡಿ. ಕಾವಿಗೆ ಮೆತ್ತಗಾಗಿ ಜೋಲು ಬೀಳುತ್ತದೆ. ಹಗ್ಗದ ಮೇಲೂ ಬೇಡ, ನೀರಿನ ಭಾರಕ್ಕೆ ಎಳೆದು ಉದ್ದವಾಗುತ್ತದೆ.

ಹಳೇ ಟವೆಲಿನಲ್ಲಿ ಸುರುಳಿ ಸುತ್ತಿ, ಮೇಲೆ ಕೂತು ನೀರು ಹಿಂಡಿ. ಆಮೇಲೆ ಮಂಚದ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಬಟ್ಟೆ ಹಾಸಿ, ಹೊದಿಕೆಯನ್ನು ಚೌಕ ಸರಿಮಾಡಿ ಹರಡಿ ಫ್ಯಾನ್ ಹಾಕಿ. ದಿನಕ್ಕೊಮ್ಮೆ ತಿರುವಿ ಹಾಕಿ. ಜುಲೈ ತಿಂಗಳಾದರೆ ಮೂರು ದಿನ ಬೇಕು. ಚೀಟಿ ನಮ್ಮ ಮನೆಗೇ ಬಂದಿತ್ತು, ಹಾಗಾಗಿ ಆ ಮೂರು ದಿನವೂ ನಮ್ಮ ಯಜಮಾನರು ಹಾಲ್‌ನಲ್ಲಿ ಚಾಪೆ ಹಾಕಿಕೊಂಡು ಮಲಗಿದರು.